ಗ್ರೀನ್ ಟೀಗೆ ನೀರಿನ ಹದ: ಮೂರು ವಾಟಿ ಕುದಿನೀರು, ಒಂದು ವಾಟಿ ತಣ್ಣೀರು

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು. ಈಗ ಪುಣೆಯ ಕೋಥ್ರೂಡ್‌ನಲ್ಲಿ ಮಗನ ಮನೆಯಲ್ಲಿದ್ದೇವೆ. ಹಾಲು, ಸಕ್ಕರೆ ಹಾಕಿದ ಚಹಾ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ ಮೇಲೆ ಮನೆಯವರೂ ನಾನೂ ಗ್ರೀನ್ ಟೀ ಶುರು ಮಾಡಿದ್ದೇವೆ. ಮಾಮೂಲಿ ಚಹಾದಂತೆ ನೀರು ಕುದಿಸಿ, ಎಲೆ ಹಾಕಿ, ಎರಡು ನಿಮಿಷ ಕುದಿಸಿ ಸೋಸುತ್ತೇನೆ. ಬಾಯಿಗೆ ಇಡಲಾಗದಷ್ಟು ಕಹಿ. ಡಬ್ಬಿಯ ಮೇಲೆ 80 ಡಿಗ್ರಿ ನೀರು ಅಂತ ಬರೆದಿದೆ. ಥರ್ಮಾಮೀಟರ್ ಇಲ್ಲದೆ 80 ಡಿಗ್ರಿ ಆಗಿದೆ ಅಂತ ತಿಳಿಯುವುದು ಹೇಗೆ? ಡಿಗ್ರಿ ತೋರಿಸುವ ಕೆಟಲ್ ತರುತ್ತೇನೆ ಅಂತ ಮಗ ಹೇಳುತ್ತಾನೆ. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು ಬರುತ್ತದೆ. ಪೂರ್ತಿ ಕುದಿಯದ ನೀರು ಕುಡಿಯಬಹುದೇ? ಕಡಿಮೆ ಬಿಸಿಯಲ್ಲಿ ಎಲೆಯ ಸತ್ವ ಇಳಿಯುತ್ತದೆಯೇ? ಸೊಸೆ ಜಪಾನಿನಿಂದ ತಂದ ಸೆಂಚಾ ಎಂಬ ಗ್ರೀನ್ ಟೀ ಪೊಟ್ಟಣ ಹಾಗೇ ಇದೆ. ಅದನ್ನು ಹಾಳು ಮಾಡಲು ಮನಸ್ಸಿಲ್ಲ.

ಉತ್ತರ: ಮೊದಲು ಕೆಲಸಕ್ಕೆ ಬರುವ ಮಾತು. ಥರ್ಮಾಮೀಟರ್ ಬೇಡ, ಹೊಸ ಪಾತ್ರೆಯೂ ಬೇಡ. ಅಡುಗೆಮನೆಯ ಒಂದು ವಾಟಿ, ಅಂದರೆ ಸಣ್ಣ ಬಟ್ಟಲು, ಸಾಕು. ಮೂರು ವಾಟಿ ನೀರು ಕುದಿಸಿ. ಕುದಿ ಬಂದಕೂಡಲೇ ಒಲೆ ಆರಿಸಿ. ಅದೇ ಪಾತ್ರೆಗೆ ಒಂದು ವಾಟಿ ತಣ್ಣಗಿನ ನೀರು ಸುರಿದು ಚಮಚದಿಂದ ಒಮ್ಮೆ ತಿರುಗಿಸಿ. ಅಷ್ಟೇ, ನೀರು 80 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಈಗ ಎಲೆ ಹಾಕಿ, ತಟ್ಟೆ ಮುಚ್ಚಿ, ಎರಡು ನಿಮಿಷ ಬಿಟ್ಟು ಸೋಸಿ. ನಿಮ್ಮ ಹಳೆಯ ಪಾತ್ರೆ, ಹಳೆಯ ಸೋಸುವ ಜಾಲರಿ, ಎಲ್ಲ ಅದೇ. ಎಲೆ ಬಿದ್ದ ಮೇಲೆ ಒಲೆ ಮಾತ್ರ ಹಚ್ಚಬಾರದು.

ತಣ್ಣೀರು ಅಂದರೆ ಹಸಿ ನೀರಲ್ಲ, ಕುದಿಸಿ ಆರಿಸಿಟ್ಟ ನೀರು ಅಥವಾ ಫಿಲ್ಟರ್ ನೀರು. ಟ್ಯಾಂಕರ್ ನೀರಿನ ಭಯಕ್ಕೂ ಇದೇ ಉತ್ತರ. ನೀರನ್ನು 80ರವರೆಗೆ ಕಾಯಿಸಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಮರಳುವಂತೆ ಕುದಿಸಿ, ಆಮೇಲೆ ಇಳಿಸಿ. ರಾತ್ರಿ ಒಂದು ತಂಬಿಗೆ ನೀರು ಕುದಿಸಿ ಮುಚ್ಚಿಟ್ಟರೆ ಮರುದಿನದ ತಣ್ಣೀರು ಸಿದ್ಧ.

ಲೆಕ್ಕ ಸರಳವಾಗಿದೆ. ಪುಣೆಯಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಅಡುಗೆಮನೆಯಲ್ಲಿಟ್ಟ ನೀರು 28 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ. ಮೂರು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಸೇರಿದರೆ 80 ಡಿಗ್ರಿಗಿಂತ ಒಂದು ಕೂದಲು ಮೇಲೆ. ಎರಡಕ್ಕೆ ಒಂದಾದರೆ 75. ನಾಲ್ಕಕ್ಕೆ ಒಂದಾದರೆ 84. ಸಮಸಮ ಬೆರೆಸಿದರೆ 63. ಡಿಸೆಂಬರ್ ಬೆಳಿಗ್ಗೆ ಪುಣೆಯ ನೀರು 18ಕ್ಕೆ ಇಳಿದಿದ್ದರೆ ಮೂರಕ್ಕೆ ಒಂದರ ಲೆಕ್ಕ 78ಕ್ಕೆ ಬರುತ್ತದೆ. ಅದೇನೂ ದೊಡ್ಡ ವ್ಯತ್ಯಾಸವಲ್ಲ. ಫ್ರಿಜ್ಜಿನ ನೀರು ಮಾತ್ರ ಹಾಕಬೇಡಿ, ಹದ ಇನ್ನೂ ಕೆಳಗೆ ಹೋಗುತ್ತದೆ.

ಇಲ್ಲೊಂದು ಸಣ್ಣ ಕಿವಿಮಾತು. ವಾಟಿಯಿಂದ ಅಳೆಯುವುದು ಒಲೆ ಹಚ್ಚುವ ಮೊದಲು. ಕುದಿಯುವ ನೀರನ್ನು ಒಂದೊಂದೇ ವಾಟಿ ಎತ್ತಿ ಅಳೆಯಲು ಹೋದರೆ ವಾಟಿ ಒಂದಿಷ್ಟು ಬಿಸಿ ತಿನ್ನುತ್ತದೆ, ಗಾಳಿ ಒಂದಿಷ್ಟು ತಿನ್ನುತ್ತದೆ, ಕೈ ಸುಟ್ಟುಕೊಳ್ಳುವುದು ಬೇರೆ. ಮೂರು ವಾಟಿ ಪಾತ್ರೆಗೆ, ಒಂದು ವಾಟಿ ಪಕ್ಕಕ್ಕೆ. ಆಮೇಲೆ ಗ್ಯಾಸ್.

ಇಷ್ಟು ಗೊತ್ತಾದರೆ ನಾಳೆ ಬೆಳಿಗ್ಗೆಯ ಚಹಾ ಸರಿಹೋಗುತ್ತದೆ. ಆದರೆ ನೀವು ಕೇಳಿದ್ದು ಇನ್ನೂ ಇದೆ. ಮೇಲಾಗಿ ಟೀ ಬ್ಯಾಗ್ ಬಳಸುವವರು, ನೇರ ಮಗ್‌ನಲ್ಲಿ ಮಾಡಿಕೊಳ್ಳುವವರು ಬೇರೊಂದು ಕಡೆ ಎಡವುತ್ತಾರೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಮುಂಬೈಯಲ್ಲಿ ಚಹಾ ರುಚಿ ನೋಡುವ ಕೆಲಸದಲ್ಲಿರುವವನು. ಗ್ರೀನ್ ಟೀ ಕಹಿ ಅಂತ ದೂರುವವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಎಲೆಯನ್ನಲ್ಲ, ಕಪ್ಪನ್ನು. ದಪ್ಪ ಪಿಂಗಾಣಿ ಮಗ್ 300 ಗ್ರಾಂ ತೂಗುತ್ತದೆ. ಅದರೊಳಗೆ ಹಿಡಿಯುವ ನೀರು 200 ಗ್ರಾಂ. ತಣ್ಣಗಿನ ಮಗ್‌ಗೆ ಕುದಿನೀರು ಸುರಿದರೆ ಮಗ್ ತಾನು ಬಿಸಿಯಾಗುವುದಕ್ಕೇ ಒಂದೆರಡು ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಕಿತ್ತುಕೊಳ್ಳುತ್ತದೆ. ತೆಳು ಸ್ಟೀಲ್ ಲೋಟಕ್ಕೆ ಆ ಹಸಿವಿಲ್ಲ, ಮೂರು ಡಿಗ್ರಿ ತಿಂದು ಸುಮ್ಮನಾಗುತ್ತದೆ. ಹಾಗಾಗಿ ಒಂದೇ ಡಬ್ಬಿ, ಒಂದೇ ಬ್ಯಾಗ್, ಒಂದೇ ಕೆಟಲ್ ಇದ್ದರೂ ಮಗನ ಮಗ್‌ನಲ್ಲಿ ಚಹಾ ಹಿತವಾಗಿರುತ್ತದೆ, ಅಮ್ಮನ ಸ್ಟೀಲ್ ಲೋಟದಲ್ಲಿ ಕಹಿಯಾಗಿರುತ್ತದೆ. ‘ನನ್ನ ನಾಲಿಗೆಯೇ ಸರಿ ಇಲ್ಲ’ ಅಂತ ಅಮ್ಮ ಅಂದುಕೊಂಡಿರುತ್ತಾರೆ.

ಇದರ ಇನ್ನೊಂದು ಮುಖವೂ ಇದೆ. ಜೋಪಾನವಾಗಿ ಬೆರೆಸಿ 80ಕ್ಕೆ ತಂದ ನೀರನ್ನು ತಣ್ಣನೆಯ ದಪ್ಪ ಮಗ್‌ಗೆ ಸುರಿದರೆ ಅದು ಸ್ವಲ್ಪ ಹೊತ್ತಿಗೆ 70ರ ಹತ್ತಿರ ಬಂದುಬಿಡುತ್ತದೆ. ಆಗ ಚಹಾ ನೀರು ನೀರು. ‘ಡಬ್ಬಿಯಲ್ಲಿ ಹೇಳಿದ್ದನ್ನೇ ಮಾಡಿದೆ, ರುಚಿಯೇ ಇಲ್ಲ’ ಅನ್ನುವವರ ಕಥೆ ಇದು. ಆದ್ದರಿಂದ ಮಗ್ ಬಳಸುವವರು ಎರಡರಲ್ಲಿ ಒಂದು ಮಾಡಿ. ಮಗ್‌ಗೆ ಮೊದಲು ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ, ಆಮೇಲೆ ಮೂರಕ್ಕೊಂದು ಬೆರೆಸಿದ ನೀರು ಹಾಕಿ. ಇಲ್ಲವೇ ಏನೂ ಬೆರೆಸದೆ ಕುದಿನೀರನ್ನೇ ತಣ್ಣನೆಯ ದಪ್ಪ ಮಗ್‌ಗೆ ಸುರಿದು, ಎರಡು-ಮೂರು ನಿಮಿಷ ಬಿಟ್ಟು, ಆಮೇಲೆ ಬ್ಯಾಗ್ ಇಳಿಸಿ. ಎರಡನೆಯದು ಸೋಮಾರಿಗಳ ದಾರಿ. ಟೀ ಬ್ಯಾಗಿಗೆ ಧಾರಾಳವಾಗಿ ಸಾಕು. ಮೊದಲು ನೀರು, ಆಮೇಲೆ ಬ್ಯಾಗ್. ಬ್ಯಾಗ್ ಇಟ್ಟು ಅದರ ತಲೆಯ ಮೇಲೆ ಕುದಿನೀರು ಸುರಿದರೆ ಕಾದದ್ದೆಲ್ಲ ದಂಡ.

ಬ್ಯಾಗಿನೊಳಗಿರುವುದು ಹೆಚ್ಚಾಗಿ ನುಚ್ಚು ಮತ್ತು ಪುಡಿ. ಪುಡಿಯಿಂದ ಎಲ್ಲವೂ ಬೇಗ ಬಿಡುತ್ತದೆ. ಅದಕ್ಕೆ ಒಂದೂವರೆಯಿಂದ ಎರಡು ನಿಮಿಷ ಸಾಕು. ಐದು ನಿಮಿಷ ನೆನೆಸಿ, ಕೊನೆಗೆ ಚಮಚದಲ್ಲಿ ಒತ್ತಿ ಹಿಂಡಿ ತೆಗೆದರೆ 80 ಡಿಗ್ರಿ ಅಲ್ಲ, 70 ಇದ್ದರೂ ಕಹಿ ಬಂದೇ ಬರುತ್ತದೆ. ಇಡೀ ಎಲೆಯಾದರೆ ಎರಡರಿಂದ ಮೂರು ನಿಮಿಷ. ಅಳತೆ 200 ಮಿಲಿ ನೀರಿಗೆ 2 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಇಲ್ಲೂ ಸ್ವಲ್ಪ ಕಣ್ಣು ಬೇಕು. ಉಬ್ಬಿದ ದೊಡ್ಡ ಎಲೆ ಒಂದು ಚಮಚಕ್ಕೆ ಒಂದೇ ಗ್ರಾಂ ತೂಗಬಹುದು. ಗುಂಡುಗುಂಡಾಗಿ ಸುತ್ತಿದ ಗನ್‌ಪೌಡರ್ ಜಾತಿಯ ಚಹಾ ಅದೇ ಚಮಚಕ್ಕೆ ಮೂರು ಗ್ರಾಂ ಬರುತ್ತದೆ. ಶಾಖ, ಹೊತ್ತು, ಎಲೆಯ ಪ್ರಮಾಣ ಈ ಮೂರೂ ಒಂದರ ಕೈ ಇನ್ನೊಂದು ಹಿಡಿದಿರುತ್ತವೆ. ಡಿಗ್ರಿಯೊಂದನ್ನೇ ಹಿಡಿದು ಕೂತರೆ ಆಗುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಕುದಿಸಿ ಕುದಿಸಿ ಮಾಡಿದ ಚಹಾ ಯಾಕೆ ಕಹಿಯಾಗಲಿಲ್ಲ ಅಂತ ನೀವು ಕೇಳಬಹುದು. ಗಿಡ ಎರಡಕ್ಕೂ ಒಂದೇ. ಮಾಡುವ ರೀತಿ ಬೇರೆ. ಮಾಮೂಲಿ ಚಹಾಕ್ಕೆ ಎಲೆಯನ್ನು ಬಾಡಿಸಿ, ಜಜ್ಜಿ, ಗಾಳಿಗೆ ಬಿಡುತ್ತಾರೆ. ಎಲೆಯೊಳಗಿನ ಕಿಣ್ವ ಕೆಲಸ ಮಾಡಿ ಕ್ಯಾಟೆಕಿನ್ ಎಂಬ ಒಗರು ವಸ್ತುಗಳ ಬಹುಪಾಲನ್ನು ಬೇರೆ ವಸ್ತುಗಳಾಗಿ ಬದಲಿಸುತ್ತದೆ. ಕೆಂಪು ಬಣ್ಣ, ಖಡಕ್ ರುಚಿ ಬರುವುದು ಅಲ್ಲಿಂದ. ಗ್ರೀನ್ ಟೀಗೆ ಎಲೆ ಕಿತ್ತ ಸ್ವಲ್ಪ ಹೊತ್ತಿನಲ್ಲೇ ಬಿಸಿ ಕೊಟ್ಟು ಆ ಕಿಣ್ವವನ್ನು ಕೊಂದುಬಿಡುತ್ತಾರೆ. ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ. ಹೀಗೆ ಮಾಡಿದಾಗ ಕ್ಯಾಟೆಕಿನ್ ಹಾಗೇ ಉಳಿಯುತ್ತದೆ. ನಿಮ್ಮ ಬಾಯಿಗೆ ಹತ್ತಿದ್ದು ಅದೇ. ಜೊತೆಗೆ ಮಾಮೂಲಿ ಚಹಾದಲ್ಲಿ ಹಾಲಿದೆ. ಹಾಲಿನ ಕೇಸಿನ್ ಎಂಬ ಪ್ರೊಟೀನ್ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಸಕ್ಕರೆ ನೋಡಿಕೊಳ್ಳುತ್ತದೆ. ಗ್ರೀನ್ ಟೀಗೆ ಇಬ್ಬರ ಆಸರೆಯೂ ಇಲ್ಲ.

ಈಗ ನೀರಿನ ಶಾಖ ಎಲ್ಲಿ ಬಂತು? ಎಲೆಯಲ್ಲಿ ರುಚಿಗೆ ಮುಖ್ಯವಾದವು ಮೂರು. ಕ್ಯಾಟೆಕಿನ್ ಕೊಡುವುದು ಒಗರು, ಕಹಿ. ಕೆಫೀನ್ ಕೊಡುವುದು ಕಹಿ. ಥಿಯನಿನ್ ಎಂಬ ಅಮೈನೊ ಆಮ್ಲ ಕೊಡುವುದು ಒಂದು ಬಗೆಯ ಮೆತ್ತನೆಯ, ನಾಲಿಗೆ ತುಂಬುವ ಸಿಹಿ. 1949ರಲ್ಲಿ ಜಪಾನಿನಲ್ಲಿ ಗ್ಯೊಕುರೊ ಚಹಾದಿಂದ ಇದನ್ನು ಮೊದಲು ಬೇರ್ಪಡಿಸಿದರು. ಥಿಯನಿನ್ ತಣ್ಣನೆಯ ನೀರಿಗೂ ಸಲೀಸಾಗಿ ಇಳಿಯುತ್ತದೆ. ಕೆಫೀನ್ ಮತ್ತು ಹೆಚ್ಚು ಕಹಿಯ ಕ್ಯಾಟೆಕಿನ್‌ಗಳು ನೀರು ಬಿಸಿಯಾದಷ್ಟೂ ಜಾಸ್ತಿ ಇಳಿಯುತ್ತವೆ. ಅಂದರೆ ನೀರನ್ನು ಹತ್ತಿಪ್ಪತ್ತು ಡಿಗ್ರಿ ಇಳಿಸಿದಾಗ ಸಿಹಿ ಕಡಿಮೆಯಾಗುವುದಿಲ್ಲ, ಕಹಿಯ ಪಾಲು ಕಡಿಮೆಯಾಗುತ್ತದೆ. 80ರ ಗುಟ್ಟು ಇಷ್ಟೇ. 79 ಆದರೆ ಕೆಟ್ಟಿತು, 81 ಆದರೆ ಸತ್ತಿತು ಅನ್ನುವಂಥದ್ದೇನೂ ಇಲ್ಲ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ನಾವು ಟೇಸ್ಟರ್‌ಗಳು ಕೆಲಸದ ಮೇಜಿನ ಮೇಲೆ ಗ್ರೀನ್ ಟೀಗೂ ಕುದಿನೀರೇ ಸುರಿಯುತ್ತೇವೆ. ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್ಒ 3103, ಮೊದಲು ಬಂದದ್ದು 1980ರಲ್ಲಿ. 100 ಮಿಲಿಗೆ 2 ಗ್ರಾಂ ಎಲೆ, ಕುದಿಯುವ ನೀರು, ಆರು ನಿಮಿಷ. ಎಲೆಯ ದೋಷವೆಲ್ಲ ಎದ್ದು ಕಾಣಲಿ ಅಂತ ಮಾಡುವ ಪರೀಕ್ಷೆ ಅದು. ಹೊಗೆ ವಾಸನೆ, ಹಳಸಲು, ಸರಿಯಾಗಿ ಹುರಿಯದ ಹಸಿತನ ಎಲ್ಲ ಬಾಯಿಬಿಡುತ್ತವೆ. ಬಾಯಲ್ಲಿ ಆಡಿಸಿ ಉಗುಳುತ್ತೇವೆ, ಕುಡಿಯುವುದಿಲ್ಲ. ಮನೆಯಲ್ಲಿ ನೀವು ಮಾಡುತ್ತಿದ್ದದ್ದು ಹೆಚ್ಚು ಕಡಿಮೆ ಈ ಪರೀಕ್ಷೆಯನ್ನೇ, ಅದನ್ನು ಪೂರ್ತಿ ಕುಡಿಯುತ್ತಿದ್ದಿರಿ ಅನ್ನುವುದಷ್ಟೇ ಬೇರೆ.

ಕುದಿಸುವ ಗ್ರೀನ್ ಟೀಗಳೂ ಇವೆ, ಮರೆಯಬಾರದು. ಕಾಶ್ಮೀರದ ಕಾವಾ ಮಾಡುವುದು ಹಸಿರು ಚಹಾದಿಂದಲೇ. ಏಲಕ್ಕಿ, ದಾಲ್ಚಿನ್ನಿ, ಕೇಸರಿ, ಸಕ್ಕರೆ ಅಥವಾ ಜೇನು ಜೊತೆಗಿರುತ್ತವೆ. ಮೊರೊಕ್ಕೊದವರು ಗನ್‌ಪೌಡರ್ ಎಲೆಗೆ ಕುದಿನೀರು ಹಾಕಿ, ಪುದಿನ ತುರುಕಿ, ಸಕ್ಕರೆ ಸುರಿಯುತ್ತಾರೆ. ಎರಡೂ ಚೆನ್ನಾಗಿರುತ್ತವೆ. ಆದರೆ ಸಕ್ಕರೆ ಬಿಡಬೇಕು ಅಂತಲೇ ನೀವು ಈ ದಾರಿ ಹಿಡಿದಿದ್ದು, ಅಲ್ವಾ?

ಗುಳ್ಳೆ ನೋಡಿ ಶಾಖ ತಿಳಿಯುವ ವಿದ್ಯೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. 8ನೇ ಶತಮಾನದ ಚೀನಾದಲ್ಲಿ ಲೂ ಯೂ ಎಂಬಾತ ಕುದಿಯನ್ನು ಮೂರು ಹಂತ ಮಾಡಿದ. ಮೀನಿನ ಕಣ್ಣಿನಷ್ಟು ಗುಳ್ಳೆ ಬಂದು ಸಣ್ಣಗೆ ಸದ್ದಾಗುವುದು ಮೊದಲನೆಯದು, ಪಾತ್ರೆಯ ಅಂಚಿನಲ್ಲಿ ಮುತ್ತಿನ ಸರದ ಹಾಗೆ ಏಳುವುದು ಎರಡನೆಯದು, ಅಲೆಅಲೆಯಾಗಿ ಮರಳುವುದು ಮೂರನೆಯದು. ಚೆಂದದ ಮಾತು. ಆದರೆ ಅವನ ಕಾಲದ ಚಹಾ ನಮ್ಮದಲ್ಲ. ಬಿಲ್ಲೆಯಾಗಿ ಒತ್ತಿದ ಚಹಾವನ್ನು ಪುಡಿ ಮಾಡಿ, ನೀರಿಗೆ ಉಪ್ಪು ಹಾಕಿ, ಎರಡನೆಯ ಕುದಿಯಲ್ಲಿ ಆ ಪುಡಿ ಹಾಕುತ್ತಿದ್ದರು. ಅವನ ಗುರುತು ಹಿಡಿದು ನಮ್ಮ ಎಲೆಗೆ ಡಿಗ್ರಿ ಹೇಳುವುದು ಕಷ್ಟ.

ಗ್ಯಾಸ್ ಒಲೆಯ ಮೇಲಂತೂ ಗುಳ್ಳೆ ಮೋಸ ಮಾಡುತ್ತದೆ. ಪಾತ್ರೆಯ ತಳಕ್ಕೆ ಅಂಟಿಕೊಂಡು ಮೊದಲು ಕಾಣುವ ಸಾಸಿವೆ ಗಾತ್ರದ ಗುಳ್ಳೆಗಳು ಕುದಿಯ ಗುಳ್ಳೆಗಳೇ ಅಲ್ಲ. ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿರುತ್ತದೆ, ಅಷ್ಟೇ. ಆಮೇಲೆ ಪಾತ್ರೆ ಸುಂಯ್ ಅನ್ನಲು ಶುರುಮಾಡುತ್ತದೆ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆ ಮೇಲಿನ ತಣ್ಣನೆಯ ನೀರಿಗೆ ತಾಗಿ ಅಲ್ಲೇ ಒಡೆಯುವ ಸದ್ದು ಅದು. ಪೂರ್ತಿ ಕುದಿ ಬರುವ ಹೊತ್ತಿಗೆ ಆ ಸದ್ದು ತಗ್ಗುತ್ತದೆ, ನೀರು ಗುಳುಗುಳು ಮರಳುತ್ತದೆ. ಈ ಸದ್ದು, ಗುಳ್ಳೆ ಎಲ್ಲ ಯಾವ ಡಿಗ್ರಿಗೆ ಬರುತ್ತವೆ ಅನ್ನುವುದು ಪಾತ್ರೆಯ ದಪ್ಪ, ಉರಿಯ ಜೋರು, ನೀರಿನ ಪ್ರಮಾಣದ ಮೇಲೆ ನಿಂತಿದೆ. ದೊಡ್ಡ ಉರಿಯಲ್ಲಿ ತಳ ಕುದಿಯುತ್ತಿದ್ದರೂ ಮೇಲಿನ ನೀರು ಇನ್ನೂ ಹಿಂದೆ ಇರುತ್ತದೆ.

ಕುದಿಸಿ ಸುಮ್ನೆ ಬಿಟ್ಟು ಆರಿಸುವುದೂ ನಂಬಿಕೆಯ ದಾರಿಯಲ್ಲ. ಒಂದು ಮಗ್ ನೀರು ಬೇಗ ಆರುತ್ತದೆ, ಒಂದು ಲೀಟರ್ ಕೆಟಲ್ ಮುಚ್ಚಳ ಹಾಕಿಕೊಂಡು ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು. ಮೇ ತಿಂಗಳ ಮುಂಬೈಗೂ ಜನವರಿಯ ಪುಣೆಗೂ ಒಂದೇ ನಿಮಿಷದ ಲೆಕ್ಕ ಹೇಳಲಾಗುವುದಿಲ್ಲ. ಕುದಿನೀರು ಯಾವಾಗಲೂ ಕುದಿನೀರೇ, ತಣ್ಣೀರು ಎಷ್ಟಿದೆ ಅಂತ ಕೈಗೇ ಗೊತ್ತಾಗುತ್ತದೆ. ಅದಕ್ಕೇ ನಾನು ಬೆರೆಸುವ ದಾರಿಯನ್ನೇ ಹೇಳುವುದು.

ಪುಣೆಯಲ್ಲಿ 98 ಅಂದೆ. ಅದು ಎತ್ತರದ ಫಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. 300 ಮೀಟರ್ ಏರಿದರೆ ಕುದಿಯುವ ಶಾಖ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮುಂಬೈ, ಗೋವಾದ ಕರಾವಳಿಯಲ್ಲಿ 100. ಬೆಂಗಳೂರಿನಲ್ಲಿ 97. ಮಹಾಬಳೇಶ್ವರಕ್ಕೆ ಹೋದರೆ 95-96. ಗ್ರೀನ್ ಟೀ ವಿಷಯದಲ್ಲಿ ಇದರಿಂದ ಏನೂ ಆಗಬೇಕಾದ್ದಿಲ್ಲ. ಮಗ ಥರ್ಮಾಮೀಟರ್ ತಂದರೆ ಮಾತ್ರ ಇದು ನೆನಪಿರಲಿ. ಕುದಿನೀರಿನಲ್ಲಿ ಅದ್ದಿದಾಗ ಅದು 98 ತೋರಿಸಿದರೆ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ, ಪುಣೆಯಲ್ಲಿ ಅದೇ ಸರಿ. ಐಸ್ ಹಾಕಿದ ನೀರಿನಲ್ಲಿ 0 ತೋರಿಸಬೇಕು. ಕಡ್ಡಿಯಂಥ ಡಿಜಿಟಲ್ ಅಡುಗೆ ಥರ್ಮಾಮೀಟರ್ ಸಾಕು. ಗನ್ನಿನಂತೆ ಹಿಡಿದು ದೂರದಿಂದ ನೋಡುವುದು ಹೊಳೆಯುವ ಸ್ಟೀಲ್ ಪಾತ್ರೆಯ ಮೇಲೆ ತಪ್ಪು ಹೇಳುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಅಂತೂ ಬಿಸಿನೀರಿನ ಹತ್ತಿರ ತರಲೇಬೇಡಿ. ಅದರ ಅಳತೆ 42-43 ಡಿಗ್ರಿಗೇ ಮುಗಿಯುತ್ತದೆ.

ಮಗ ಹಿಂಜವಡಿಯ ಕಡೆ ಆಫೀಸಿಗೆ ಹೋಗುವವರಾದರೆ ಅವರಿಗೂ ಒಂದು ಮಾತು. ಆಫೀಸಿನ ಬಿಸಿನೀರಿನ ನಲ್ಲಿ ಸಾಮಾನ್ಯವಾಗಿ ಪೂರ್ತಿ ಕುದಿನೀರು ಕೊಡುವುದಿಲ್ಲ, ಅದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಕಾಗದದ ಕಪ್ಪಿಗೆ ಬಿಸಿ ತಿನ್ನುವ ತೂಕವೇ ಇಲ್ಲ. ಅಲ್ಲಿ ಒಂದೆರಡು ಗುಟುಕು ತಣ್ಣೀರು ಬೆರೆಸಿದರೆ ಸಾಕು.

ನೀರಿನ ಗುಣಕ್ಕೆ ಬರೋಣ. ನಿಮ್ಮ ಚಹಾದ ಅರ್ಧ ಸಮಸ್ಯೆ ಇಲ್ಲೂ ಇರಬಹುದು. ಖಡಕ್‌ವಾಸ್ಲಾ ಕಡೆಯಿಂದ ಬರುವ ಕಾರ್ಪೊರೇಷನ್ ನೀರಿನಲ್ಲಿ ಗ್ರೀನ್ ಟೀ ಚೆನ್ನಾಗಿ ಬರುತ್ತದೆ. ಮುಂಬೈಗೆ ತಾನ್ಸಾ, ಭಾತ್ಸಾ, ವೈತರಣಾ ಕಡೆಯಿಂದ ಬರುವುದೂ ಮೆದು ನೀರು, ಅಂದರೆ ಖನಿಜ ಕಡಿಮೆ ಇರುವ ನೀರು. ಬೋರ್‌ವೆಲ್ಲಿಂದ ತುಂಬಿಸಿದ ಟ್ಯಾಂಕರ್ ನೀರು ಗಡಸಾಗಿರುವುದೇ ಹೆಚ್ಚು. ಅಂಥ ನೀರಿನಲ್ಲಿ ಗ್ರೀನ್ ಟೀ ಮಂಕಾಗುತ್ತದೆ, ಹಸಿರು-ಹಳದಿ ಬರುವಲ್ಲಿ ಕಂದು ಬರುತ್ತದೆ, ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅನುಮಾನವೇ ಬೇಡ. ಆ ತಿಂಗಳುಗಳಲ್ಲಿ ಚಹಾಕ್ಕೆ ಮಾತ್ರ ಆರ್‌ಒ ನೀರು ಬಳಸಿ. ಖನಿಜ ಪೂರ್ತಿ ತೆಗೆದ ನೀರಿನಲ್ಲಿ ಚಹಾ ಸಪ್ಪೆ ಅನಿಸಬಹುದು, ಆದರೂ ಗಡಸು ನೀರಿಗಿಂತ ಎಷ್ಟೋ ವಾಸಿ. ಕ್ಲೋರಿನ್ ವಾಸನೆ ಇದ್ದರೆ ಮುಚ್ಚಳ ತೆಗೆದು ಒಂದೆರಡು ನಿಮಿಷ ಹೆಚ್ಚು ಕುದಿಸಿ.

ನೀರನ್ನು ಎರಡು ಸಲ ಕುದಿಸಿದರೆ ಆಮ್ಲಜನಕ ಹೋಗಿ ರುಚಿ ಕೆಡುತ್ತದೆ ಅಂತ ಹೇಳುವವರಿದ್ದಾರೆ. ಒಂದು ಸಲ ಕುದಿಸಿದರೂ ಕರಗಿದ ಗಾಳಿ ಬಹುಪಾಲು ಹೋಗಿಯೇ ಇರುತ್ತದೆ. ತಲೆಕೆಡಿಸಿಕೊಳ್ಳಬೇಡಿ.

ಸತ್ವದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಹೆಚ್ಚು ಬಿಸಿ, ಹೆಚ್ಚು ಹೊತ್ತು ಇಟ್ಟರೆ ಕ್ಯಾಟೆಕಿನ್ ಜಾಸ್ತಿ ಇಳಿಯುತ್ತದೆ, ನಿಜ. ಜನ ‘ಆ್ಯಂಟಿಆಕ್ಸಿಡೆಂಟ್’ ಅನ್ನುವುದು ಅದನ್ನೇ. ಹಾಗೆಂದು 80 ಡಿಗ್ರಿಯಲ್ಲಿ ಅದು ಇಳಿಯದೆ ಕೂತಿರುವುದಿಲ್ಲ, ಎರಡು-ಮೂರು ನಿಮಿಷದಲ್ಲಿ ಒಳ್ಳೆಯ ಪಾಲು ಬಂದಿರುತ್ತದೆ. ಮೂಗು ಮುಚ್ಚಿಕೊಂಡು ದಿನಕ್ಕೊಂದು ಕಪ್ ಕುಡಿಯುವುದಕ್ಕಿಂತ ಇಷ್ಟಪಟ್ಟು ಎರಡು ಕಪ್ ಕುಡಿಯುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಮೇಲಾಗಿ ಇದು ಔಷಧಿಯಲ್ಲ. ಹಾಲು-ಸಕ್ಕರೆ ತಪ್ಪಿತಲ್ಲ, ಡಾಕ್ಟರು ಹೇಳಿದ್ದು ಅಲ್ಲಿಗೇ ಆಯಿತು.

ಊಟದ ಜೊತೆಗೆ ಮಾತ್ರ ಬೇಡ. ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಚಹಾದ ಕ್ಯಾಟೆಕಿನ್ ಅಡ್ಡಿ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆ ಅಥವಾ ಬೇರೆ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಕೆಫೀನ್ ಕಾಫಿಗಿಂತ ಕಡಿಮೆ, ಆದರೆ ಇಲ್ಲ ಅಂತಲ್ಲ. ನಿದ್ದೆ ಹಗುರವಿರುವವರಿಗೆ ಸಂಜೆಯ ಮೇಲೆ ಬೇಡ. ಮತ್ತೆ, 80 ಡಿಗ್ರಿ ಅನ್ನುವುದು ಎಲೆ ನೆನೆಸುವ ಶಾಖ, ಕುಡಿಯುವ ಶಾಖವಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ವರ್ಗೀಕರಿಸಿದೆ. ಸೋಸಿದ ಮೇಲೆ ಸ್ವಲ್ಪ ಆರಲು ಬಿಡಿ. ಸುಡುಸುಡು ಇದ್ದಾಗಲೇ ಕುಡಿದರೆ ಗ್ರೀನ್ ಟೀಯ ರುಚಿಯೂ ಗೊತ್ತಾಗುವುದಿಲ್ಲ.

ಈಗ ಸೆಂಚಾ. ಅದನ್ನು ಬಿಚ್ಚಿ, ಇಟ್ಟಷ್ಟೂ ಹಾಳಾಗುವುದು ಅದು. ಮೊದಲು ಪೊಟ್ಟಣದ ಮೇಲೆ ಏನಿದೆ ಅಂತ ಸೊಸೆಯಿಂದ ಓದಿಸಿಕೊಳ್ಳಿ. ಸೆಂಚಾ ಅಂತಲೇ ಇದ್ದರೆ ನೀರು 75ರಷ್ಟಿರಲಿ, ಅಂದರೆ ಎರಡು ವಾಟಿ ಕುದಿನೀರಿಗೆ ಒಂದು ವಾಟಿ ತಣ್ಣೀರು. ಗ್ಯೊಕುರೊ ಆಗಿದ್ದರೆ ಇನ್ನೂ ಕೆಳಗೆ, ಸಮಸಮ. ಅದನ್ನು ಕೀಳುವ ಮುಂಚಿನ ವಾರಗಳಲ್ಲಿ ಗಿಡಕ್ಕೆ ನೆರಳು ಮಾಡಿ ಬೆಳೆಸುತ್ತಾರೆ. ಥಿಯನಿನ್ ಜಾಸ್ತಿ ಉಳಿದಿರುತ್ತದೆ, 60 ಡಿಗ್ರಿಯೇ ಅದಕ್ಕೆ ಸಾಕು. ಹುರಿದ ಹೋಜಿಚಾ ಅಥವಾ ಹುರಿದ ಅಕ್ಕಿ ಬೆರೆಸಿದ ಗೆನ್‌ಮಾಯ್‌ಚಾ ಆಗಿದ್ದರೆ ಈ ಬೆರೆಸುವ ಕೆಲಸವೇ ಇಲ್ಲ, ಕುದಿಸಿ ಇಳಿಸಿದ ನೀರನ್ನೇ ಹಾಕಿ. ಹುರಿದ ಘಮ ಬರಬೇಕಾದರೆ ಬಿಸಿ ಬೇಕು. ಎಲ್ಲ ಗ್ರೀನ್ ಟೀಗೂ 80 ಅನ್ನುವವರು ಇದನ್ನು ಮರೆಯುತ್ತಾರೆ.

ಸೆಂಚಾ ಮಾಡುವಾಗ ಎರಡು ಸಣ್ಣ ಕಪ್ಪಿಗೆ, ಅಂದರೆ 200 ಮಿಲಿ ನೀರಿಗೆ ಎರಡು ಟೀ ಚಮಚ ಎಲೆ ಹಾಕಿ. ಮಾಮೂಲಿ ಎಲೆಗಿಂತ ಜಾಸ್ತಿ ಅನಿಸುತ್ತದೆ, ಆದರೆ ಹೊತ್ತು ಒಂದೇ ನಿಮಿಷ. ನಿಮಿಷ ಆದಕೂಡಲೇ ಕೊನೆಯ ಹನಿಯವರೆಗೂ ಸೋಸಿಬಿಡಿ. ಎಲೆಯ ಜೊತೆ ನೀರು ಉಳಿದರೆ ಮುಂದಿನ ಕಪ್ಪಿಗೆ ಕಹಿ ಸೇರುತ್ತದೆ. ಜಾಲರಿ ಸಣ್ಣ ಕಣ್ಣಿನದಿರಲಿ, ಸೂಜಿಯಂಥ ಎಲೆ ಮುರಿದು ನುಸುಳುತ್ತದೆ. ಚಹಾ ಸ್ವಲ್ಪ ಬಗ್ಗಡವಾಗಿ, ಎಳೆ ಹಸಿರಾಗಿ ಬಂದರೆ ಗಾಬರಿಯಾಗಬೇಡಿ. ಹೆಚ್ಚು ಹೊತ್ತು ಹಬೆಯಲ್ಲಿ ಬೆಂದ ಎಲೆ ಹಾಗೇ ಬರುತ್ತದೆ. ಅದೇ ಎಲೆಗೆ ಎರಡನೆಯ ಸಲ ಮೂರಕ್ಕೊಂದರ ನೀರು ಹಾಕಿ, ಹದಿನೈದು-ಇಪ್ಪತ್ತು ಸೆಕೆಂಡಿಗೆ ಸೋಸಿ. ಎಲೆ ಆಗಲೇ ಅರಳಿರುತ್ತದೆ, ಕಾಯಬೇಕಾಗಿಲ್ಲ. ನನಗೆ ಈ ಎರಡನೆಯ ಕಪ್ಪೇ ಹೆಚ್ಚು ಇಷ್ಟ. ಮೊದಲ ಕಪ್ಪಿಗೆ ನಿಂಬೆ, ಜೇನು ಏನೂ ಹಾಕದೆ ಕುಡಿದು ನೋಡಿ. ಅಂಗಡಿಯ ಡಬ್ಬಿಗೆ ಬೇಕಾದರೆ ನಾಲ್ಕು ಹನಿ ನಿಂಬೆರಸ ಹಾಕಿ, ಅದಕ್ಕೆ ಅಡ್ಡಿಯಿಲ್ಲ.

ಬಿಚ್ಚಿದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ. ಒಲೆಯ ಪಕ್ಕ, ಮಸಾಲೆ ಡಬ್ಬಿಯ ಪಕ್ಕ ಬೇಡ. ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಟ್ಟರೆ ತೆಗೆದಕೂಡಲೇ ಮುಚ್ಚಳ ಬಿಚ್ಚಬೇಡಿ, ಎಲೆಯ ಮೇಲೆ ನೀರು ಕೂರುತ್ತದೆ. ಡಬ್ಬಿ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ನಿಮ್ಮಲ್ಲಿ ತರಕಾರಿಯವರ ಹತ್ತಿರ ಶುಂಠಿಯ ಜೊತೆ ಗವತಿ ಚಹಾದ ಕಟ್ಟು ಸಿಗುತ್ತದಲ್ಲ, ನಮ್ಮ ನಿಂಬೆಹುಲ್ಲು, ಅದನ್ನು ಗ್ರೀನ್ ಟೀಗೂ ಹಾಕಬಹುದು. ಆದರೆ ಇಬ್ಬರನ್ನೂ ಒಟ್ಟಿಗೆ ಕುದಿಸಬೇಡಿ. ಹುಲ್ಲಿಗೆ, ಶುಂಠಿಗೆ ಚೆನ್ನಾಗಿ ಕುದಿ ಬೇಕು, ಎಲೆಗೆ ಬೇಡ. ಮೂರು ವಾಟಿ ನೀರಿನಲ್ಲಿ ಹುಲ್ಲು ಹಾಕಿ ಐದು ನಿಮಿಷ ಕುದಿಸಿ, ಒಲೆ ಆರಿಸಿ, ತಣ್ಣೀರಿನ ವಾಟಿ ಸೇರಿಸಿ, ಆಮೇಲೆ ಚಹಾ ಎಲೆ. ಸೋಸುವುದು ಒಂದೇ ಸಲ. ಏಪ್ರಿಲ್-ಮೇ ಬಿಸಿಲಿಗೆ ಇನ್ನೂ ಸುಲಭದ್ದು ಬೇಕಾದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 10 ಗ್ರಾಂ ಎಲೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ, ಬೆಳಿಗ್ಗೆ ಸೋಸಿ. ಕಹಿಯೂ ಕೆಫೀನೂ ಕಡಿಮೆ ಇಳಿದಿರುತ್ತವೆ. ಮನೆಯವರಿಗೆ ಇದು ಹಿಡಿಸಬಹುದು.

ಕೆಟಲ್ ವಿಷಯಕ್ಕೆ ಬಂದರೆ, ನಾನು ಈಗಲೇ ಬೇಡ ಅನ್ನುತ್ತೇನೆ. ದಿನಕ್ಕೆರಡು ಕಪ್ ಒಂದೇ ಡಬ್ಬಿಯ ಚಹಾ ಕುಡಿಯುವ ಮನೆಗೆ ಅದು ಅಡುಗೆಕಟ್ಟೆಯ ಮೇಲೆ ಜಾಗ ತಿನ್ನುವ ಇನ್ನೊಂದು ವಸ್ತು. ಮೇಲಾಗಿ 80ಕ್ಕೆ ಇಟ್ಟರೆ ಅಂಥ ಕೆಟಲ್‌ಗಳಲ್ಲಿ ಹಲವು ನೀರನ್ನು ಕುದಿಸದೆ ನೇರ 80ಕ್ಕೇ ನಿಲ್ಲಿಸುತ್ತವೆ. ಫಿಲ್ಟರ್ ನೀರಾದರೆ ಅಡ್ಡಿಯಿಲ್ಲ, ನಿಮ್ಮ ಟ್ಯಾಂಕರ್ ನೀರಿಗೆ ಅದು ನಡೆಯುವುದಿಲ್ಲ. ಸೆಂಚಾ ಪೊಟ್ಟಣ ಮುಗಿಯುವಷ್ಟರಲ್ಲಿ ಒಂದು ದಿನ ಸೆಂಚಾ, ಒಂದು ದಿನ ಹೋಜಿಚಾ ಅಂತ ಮನೆಯಲ್ಲಿ ಹುಚ್ಚು ಹತ್ತಿತು ಅಂದರೆ ಆಗ ಮಗ ಖಂಡಿತ ತರಲಿ. ಆದರೆ ಹಿಡಿಯ ಪಕ್ಕದಲ್ಲಿ 60, 70, 80, 90 ಅಂತ ಬೇರೆ ಬೇರೆ ಗುಂಡಿ ಇರುವುದನ್ನು, ಒಳಗೆ ಪೂರ್ತಿ ಸ್ಟೀಲ್ ಇರುವುದನ್ನು ನೋಡಿ ತರಲು ಹೇಳಿ.